ಸೋಮವಾರಗಳ ತೇವಾಂಶ

ನಮ್ಮ ಸಂಶೋಧನಾ ಕೇಂದ್ರದ ಡೇಟಾ ಭಂಡಾರ ಕಟ್ಟುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಕೇಳಿಕೊಂಡದ್ದರಿಂದಲ್ಲ. ಮೀಟಿಂಗಿನಲ್ಲಿ ಉಳಿದವರೆಲ್ಲ ತಲೆ ತಗ್ಗಿಸಿ ಕೂತಿದ್ದಾಗ ನಾನೊಬ್ಬಳು ಫ್ಯಾನಿನ ಕಡೆ ನೋಡುತ್ತಿದ್ದೆ, ಮುಖ್ಯಸ್ಥರ ಕಣ್ಣಿಗೆ ಬಿದ್ದೆ. "ಕಂಪ್ಯೂಟರ್ ವಿಭಾಗದವರು ನೋಡಿಕೊಳ್ಳಲಿ" ಎಂದರು. ಕಂಪ್ಯೂಟರ್ ವಿಭಾಗ ಎಂದರೆ ನಾನು, ಎರಡು ಕಂಪ್ಯೂಟರು, ಕಾಗದ ಕಚ್ಚಿಕೊಳ್ಳುವ ಒಂದು ಪ್ರಿಂಟರು. ಆ ಹೊತ್ತಿಗೆ ಅದೇ ಕುರ್ಚಿಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಮಂಡಿ ನೋವು ಶುರುವಾಗಿತ್ತು. ಹೊಸದೇನನ್ನಾದರೂ ಕಟ್ಟುವ ಹುರುಪು ಯಾವ ಮೂಲೆಯಲ್ಲೂ ಉಳಿದಿರಲಿಲ್ಲ.

ಕೇಂದ್ರ ಇರುವುದು ಚಾಮರಾಜನಗರದ ಹೊರಗೆ. ಮಳೆ ನಂಬಿದ ಹೊಲಗಳಲ್ಲಿ ಏನು ಬೆಳೆದರೆ ಒಳ್ಳೆಯದು, ಯಾವ ಮಣ್ಣು ಎಷ್ಟು ದಿನ ತೇವ ಹಿಡಿಯುತ್ತದೆ ಎಂಬುದನ್ನೆಲ್ಲ ಅಲ್ಲಿ ಅಳೆಯುತ್ತಾರೆ. ನನ್ನ ಮನೆ ಗುಂಡ್ಲುಪೇಟೆಯಲ್ಲಿ. ಬೆಳಗಿನ ಬಸ್ಸು ಹತ್ತಿದರೆ ತೆರಕಣಾಂಬಿ ದಾಟುವ ಮೊದಲೇ ನಿದ್ದೆ, ಸಂಜೆ ವಾಪಸು ಬರುವಾಗಲೂ ನಿದ್ದೆ. ಆ ರಸ್ತೆಯ ಎರಡೂ ಬದಿಯಲ್ಲಿ ಏನೇನಿದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲಾರೆ.

ಕೇಂದ್ರದಲ್ಲಿ ಅಳೆದದ್ದೆಲ್ಲ ಎಲ್ಲಿತ್ತು ಎಂದರೆ ಎಲ್ಲ ಕಡೆಯೂ ಇತ್ತು. ಬೀರುಗಳಲ್ಲಿ ರಿಜಿಸ್ಟರುಗಳು, ಡ್ರಾಯರುಗಳಲ್ಲಿ ಫ್ಲಾಪಿಗಳು, ಯಾರದೋ ಮದುವೆಯ ಸಿಡಿಗಳ ನಡುವೆ ಅರಿಶಿನದ ಪ್ರಯೋಗದ ಸಿಡಿಗಳು. ಹಿಂದೆ ಎರಡು ಸಲ ದೊಡ್ಡ ಸಾಫ್ಟ್‌ವೇರು ತರಿಸಿದ್ದರು. ಒಂದು ಹಳೆಯ ಕಂಪ್ಯೂಟರಿನ ಜೊತೆಗೇ ಸತ್ತಿತು. ಇನ್ನೊಂದರ ಪಾಸ್‌ವರ್ಡು ಅದನ್ನು ಮಾಡಿಕೊಟ್ಟ ಎಂಜಿನಿಯರ್ ಜೊತೆ ಹೋಯಿತು. ಒಳಗೆ ಏನಿತ್ತೋ ಆ ದೇವರೇ ಬಲ್ಲ.

ಅದಕ್ಕೇ ನಾನು ಒಂದೇ ದೊಡ್ಡ ಸಾಫ್ಟ್‌ವೇರಿನ ಸಹವಾಸವೇ ಬೇಡವೆಂದೆ. ಕೆಲಸವನ್ನು ಸಣ್ಣ ಸಣ್ಣ ಸೇವೆಗಳಾಗಿ ಒಡೆದೆ. ಒಂದು ಸೇವೆ ಕಡತ ಒಪ್ಪಿಸಿಕೊಳ್ಳುತ್ತದೆ, ಅಷ್ಟೇ. ಇನ್ನೊಂದು ಅದರೊಳಗಿನ ಅಂಕಿಗಳನ್ನು ತಪಾಸಣೆ ಮಾಡುತ್ತದೆ. ಮತ್ತೊಂದು ಯಾರು ಅಳೆದರು, ಎಲ್ಲಿ, ಯಾವುದರಿಂದ, ಹೇಗೆ ಎಂಬ ವಿವರ ಕೇಳಿ ಬರೆದುಕೊಳ್ಳುತ್ತದೆ. ಒಂದು ಸೇವೆ ಮೂರು ಕಡೆ ಪ್ರತಿ ಇಟ್ಟು, ವಾರಕ್ಕೊಮ್ಮೆ ಒಂದಕ್ಷರವೂ ಕೆಟ್ಟಿಲ್ಲವೆಂದು ಹೋಲಿಸಿ ನೋಡುತ್ತದೆ. ಕೊನೆಯದು ಕೇಳಿದವರಿಗೆ ಕೊಡುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಎಲೆ ಹಾಕುವವರು ಬೇರೆ, ನೀರು ಬಿಡುವವರು ಬೇರೆ, ಬಡಿಸುವವರು ಬೇರೆ ಇರುವುದಿಲ್ಲವೇ, ಹಾಗೆ. ನೀರಿನವರು ಸುಸ್ತಾದರೆ ಅವರ ಚೊಂಬನ್ನು ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ, ಪಂಕ್ತಿ ನಿಲ್ಲುವುದಿಲ್ಲ. ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಯಾರಿಗೆ ಊಟ ನೆನಪಾಯಿತೋ, ಯಾರಿಗೆ ಭಂಡಾರ ಅರ್ಥವಾಯಿತೋ ಗೊತ್ತಿಲ್ಲ.

ಇನ್ನೊಂದು ನಿಯಮವನ್ನೂ ನಾನೇ ಹಟ ಹಿಡಿದು ಸೇರಿಸಿದೆ. ಯಾವ ಕಡತ ಬಂತು, ಯಾವುದು ಪಾಸಾಯಿತು, ಯಾವುದನ್ನು ಯಾವ ಕಾರಣಕ್ಕೆ ತಡೆಯಲಾಯಿತು ಎಂಬುದೆಲ್ಲ ಒಂದು ಚರಿತ್ರೆಯಲ್ಲಿ ಸೇರಬೇಕು, ಅದನ್ನು ಯಾರೂ ಅಳಿಸಲಾಗಬಾರದು. ನಾನೂ ಸಹ. ಆಗ ಅದು ಬಹಳ ಪ್ರಾಮಾಣಿಕವಾದ ನಿಯಮ ಎನಿಸಿ ಹೆಮ್ಮೆಪಟ್ಟಿದ್ದೆ.

ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಹತ್ತಿಸಲು ಹೊರಗಿನಿಂದ ಜನ ಬಂದರು. ವಿವರ ಬರೆಯುವಲ್ಲಿ "ಅಳೆದ ವಿಧಾನ" ಎಂಬ ಖಾನೆ ಇತ್ತಲ್ಲ, ಅದನ್ನು ಏನು ತುಂಬಬೇಕೆಂದು ಅವರಿಗೆ ತಿಳಿಯದೆ ವಿಜ್ಞಾನಿಗಳನ್ನು ಕೇಳಿದರು. ವಿಜ್ಞಾನಿಗಳು "ಎಂದಿನಂತೆ ಅಂತ ಹಾಕಿ" ಎಂದರು. ಮಳೆ ಅಳೆದದ್ದು ಎಂದಿನಂತೆ, ಹುರುಳಿ ತೂಗಿದ್ದು ಎಂದಿನಂತೆ, ಈರುಳ್ಳಿ ಕೊಳೆತದ್ದನ್ನು ಎಣಿಸಿದ್ದೂ ಎಂದಿನಂತೆ. ನನಗೆ ಸಿಟ್ಟು ಬಂದರೂ ಜಗಳಕ್ಕೆ ಹೋಗಲಿಲ್ಲ. ಜಗಳಕ್ಕೂ ಒಂದು ಮೈ ಬೇಕು.

ಭಂಡಾರಕ್ಕೆ ಮೊಟ್ಟಮೊದಲು ಹೋಗಬೇಕಾಗಿದ್ದದ್ದು ಮಣ್ಣಿನ ತೇವಾಂಶದ ದಾಖಲೆ. ಕೇಂದ್ರದ ಒಂದು ಹೊಲದಲ್ಲಿ ದಿನಾ ಬೆಳಿಗ್ಗೆ ಬೈರಿಗೆಯಿಂದ ಮಣ್ಣು ಕೊರೆದು ತೆಗೆದು, ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿ, ಎಷ್ಟು ನೀರಿತ್ತೆಂದು ಬರೆದದ್ದು. ಒಂದು ದಿನವೂ ಖಾಲಿಯಿಲ್ಲದೆ ವರ್ಷಗಟ್ಟಲೆ. ಈ ಸೀಮೆಯಲ್ಲಿ ಅಂಥದ್ದು ಇನ್ನೊಂದಿದೆಯೆಂದು ನಾನು ಕೇಳಿಲ್ಲ. ಅಷ್ಟನ್ನೂ ಅಳೆದವರು ಒಬ್ಬರೇ, ಕ್ಷೇತ್ರ ಸಹಾಯಕರಾಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಅವರ ಅಂಕಿಗಳನ್ನಿಟ್ಟುಕೊಂಡು ಪ್ರಬಂಧ ಬರೆದು ಬಡ್ತಿ ಪಡೆದು ಹೋದವರು ಬಹಳ ಜನ. ಅವರ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಪ್ರಬಂಧದ ಕೊನೆಯಲ್ಲಿ "ಕ್ಷೇತ್ರ ಸಿಬ್ಬಂದಿಗೆ ಧನ್ಯವಾದ" ಎಂದಿರುತ್ತಿತ್ತು.

ನನ್ನ ಭಂಡಾರದಲ್ಲಿ "ಅಳೆದವರು" ಎಂಬ ಖಾನೆ ಇತ್ತು. ಅಲ್ಲಿ ಅವರ ಹೆಸರೇ ಬರಬೇಕೆಂದು ನಾನು ಹಟ ಮಾಡಿ ಮುಖ್ಯಸ್ಥರನ್ನು ಒಪ್ಪಿಸಿದ್ದೆ. ಫೋನು ಮಾಡಿ ಆ ಹಿರಿಯರಿಗೂ ಹೇಳಿದೆ. "ನನ್ನೆಸ್ರಾ? ದೊಡ್ಡೋರ್ ಎಸ್ರಿನ್ ಕೆಳುಗಾ?" ಎಂದರು.

"ಮೇಲೆಯೇ ದೊಡ್ಡಪ್ಪ. ನಿಮ್ಮದೇ ಮೊದಲು."

"ಯಾರ್ ಬೇಕಾದ್ರೂ ನೋಡ್ಬೋದಾ?"

"ಲೋಕದಲ್ಲಿ ಯಾರು ಬೇಕಾದರೂ."

ಎರಡೇ ದಿನದಲ್ಲಿ ಅವರ ಊರಿಗೆಲ್ಲ ಸುದ್ದಿಯಾಯಿತಂತೆ. ಮಠದ ಜಗಲಿಯಲ್ಲಿ, ಡೈರಿಯ ಮುಂದೆ, ಎಲ್ಲ ಕಡೆ ಅವರೇ ಹೇಳಿಕೊಂಡು ಬಂದರಂತೆ. ನನಗೂ ಬಹಳ ದಿನಗಳ ಮೇಲೆ ಏನೋ ಒಂದು ಒಳ್ಳೆಯದು ಮಾಡಿದ ಹಾಗಾಯಿತು.

ಕಡತವನ್ನು ಒಪ್ಪಿಸಿದ ದಿನವೇ ತಪಾಸಣೆಯ ಸೇವೆ ಅದನ್ನು ತಡೆಯಿತು. ಕೆಂಪು ಅಕ್ಷರದಲ್ಲಿ ಒಂದು ಸಾಲು: ಅಂಕಿಗಳು ಕೃತಕ ಎಂಬ ಅನುಮಾನ. ಮೊದಲು ನನ್ನದೇ ಪ್ರೋಗ್ರಾಮಿನ ತಪ್ಪೆಂದುಕೊಂಡೆ. ಕೂತು ಒಂದೊಂದೇ ವಾರ ಬಿಡಿಸಿ ನೋಡಿದೆ. ಪ್ರತಿ ಸೋಮವಾರದ ಅಂಕಿಯೂ ಭಾನುವಾರ ಮತ್ತು ಮಂಗಳವಾರದ ಅಂಕಿಗಳ ಮೊತ್ತದ ಸರಿಯಾದ ಅರ್ಧ. ಒಂದು ಸೋಮವಾರವಲ್ಲ, ಒಂದು ವರ್ಷವಲ್ಲ, ಮೊದಲಿನಿಂದ ಕೊನೆಯವರೆಗೆ. ಮಣ್ಣು ಅಷ್ಟು ಶಿಸ್ತಿನಿಂದ ಒಣಗುವುದಿಲ್ಲ. ಯಾರೋ ಕೂತು ತುಂಬಿದ್ದು ಅದು.

ಮುಖ್ಯಸ್ಥರು ಕೆಟ್ಟವರಲ್ಲ. ನಿವೃತ್ತಿ ಹತ್ತಿರ ಬಂದಿತ್ತು, ಸುಸ್ತಾಗಿದ್ದರು. "ಮುಂದಿನ ತಿಂಗಳು ಭಂಡಾರ ನೋಡೋಕೆ ಸಮಿತಿ ಬರುತ್ತೆ. ಸೋಮವಾರ ಸುಳ್ಳಾದರೆ ಉಳಿದ ದಿನ ನಿಜ ಅಂತ ಏನು ಗ್ಯಾರಂಟಿ? ಇಡೀ ದಾಖಲೆ ಕೈಬಿಡಿ. ಮಳೆಯ ದಾಖಲೆ ಹಾಕೋಣ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಡೆದ ಕಡತ ಅಂತಿಮ ತೀರ್ಮಾನವಾದ ಮೇಲೆಯೇ ಚರಿತ್ರೆಗೆ ಸೇರುತ್ತಿತ್ತು. ಆದರೆ ಕೈಬಿಟ್ಟರೆ ನನ್ನ ಆ ಅಳಿಸಲಾಗದ ಚರಿತ್ರೆಯಲ್ಲಿ ಒಂದು ಸಾಲು ಶಾಶ್ವತವಾಗಿ ಉಳಿಯುತ್ತಿತ್ತು. ಅಳೆದವರು: ಅವರ ಹೆಸರು. ತಡೆದ ಕಾರಣ: ಕೃತಕ ಅಂಕಿ. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯನ ಹೆಸರು ಎಲ್ಲೋ ಬರೆಯಲ್ಪಡುತ್ತಿದ್ದದ್ದು ಸುಳ್ಳುಗಾರನೆಂದು. ಅದನ್ನು ಮೂರು ಕಡೆ ಪ್ರತಿ ಮಾಡಿ, ವಾರಕ್ಕೊಮ್ಮೆ ಕೆಟ್ಟಿಲ್ಲವೆಂದು ನೋಡಿಕೊಳ್ಳುವ ವ್ಯವಸ್ಥೆಯನ್ನೂ ನಾನೇ ಮಾಡಿಟ್ಟಿದ್ದೆ.

ಹೋಗಿ ಅವರನ್ನೇ ಕೇಳುವುದೆಂದುಕೊಂಡೆ. ಮಂಡಿ ತೋರಿಸಲು ಒಂದು ಸೋಮವಾರ ರಜೆ ಹಾಕಿದ್ದೆ, ಆಸ್ಪತ್ರೆ ಬಿಟ್ಟು ಮೈಸೂರು ಕಡೆಯ ಬಸ್ಸು ಹತ್ತಿದೆ. ತರಕಾರಿ ತುಂಬಿದ ಲಾರಿಗಳು ಕೇರಳದ ಕಡೆಗೆ ಒಂದರ ಹಿಂದೊಂದು ಎದುರಾಗುತ್ತಿದ್ದವು. ಬೇಗೂರಿನಲ್ಲಿ ಇಳಿದು, ಆಟೋದಲ್ಲಿ ಇನ್ನಿಬ್ಬರ ಜೊತೆ ತೊಡೆಗೆ ತೊಡೆ ಒತ್ತಿ ಕೂತು ಅವರ ಊರಿಗೆ ಹೋದೆ. ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಹಣೆಯ ತುಂಬ ವಿಭೂತಿ. ನನ್ನನ್ನು ಕಂಡವರೇ ಎದ್ದು, "ಬಾರವ್ವ, ಬಾ. ನನ್ನೆಸ್ರು ಆಕ್ಬುಟ್ರಾ?" ಎಂದರು.

"ಇನ್ನೂ ಇಲ್ಲ ದೊಡ್ಡಪ್ಪ. ಒಂದು ಕೇಳಬೇಕಿತ್ತು. ಸೋಮವಾರದ ತೇವ ಹೇಗೆ ಬರೆಯುತ್ತಿದ್ದಿರಿ?"

ಅವರು ನಗುತ್ತಲೇ ಹೇಳಿದರು: "ಸೋಮಾರ ಎಲ್ಲವ್ವ ತೇವ ತಗೀತಿದ್ದೆ? ಸೋಮಾರ ಭೂಮ್ತಾಯ್ಗೆ ಕಬ್ಬುಣ ಇಕ್ಕಲ್ಲ ಕಣವ್ವ ನಾವು. ಆರು ಕಟ್ಟಲ್ಲ, ಗುದ್ಲಿ ಇಕ್ಕಲ್ಲ. ಸಿವನ್ ದಿನ ಅದು, ಬಸವಣ್ಣಂಗೂ ರಜಾ. ಬೈರಿಗೆನೂ ಕಬ್ಬುಣ ತಾನೆ?"

ನನಗೆ ಅಬ್ಬಾನ ಸೋಮವಾರಗಳು ನೆನಪಾದವು. ಗುಂಡ್ಲುಪೇಟೆಯ ಬಸ್‌ ಸ್ಟ್ಯಾಂಡಿನ ಹಿಂದೆ ನಮ್ಮ ಅಬ್ಬಾನ ವೆಲ್ಡಿಂಗ್ ಅಂಗಡಿ ಇತ್ತು. ನೇಗಿಲಿನ ಕುಳ, ಕುಂಟೆ, ಗುದ್ದಲಿ ತಟ್ಟಿಸಲು ಹಳ್ಳಿಗಳಿಂದ ಬರುತ್ತಿದ್ದರು. ವಾರವೆಲ್ಲ ಹೇಗೋ ಇರುತ್ತಿದ್ದ ಅಂಗಡಿಯಲ್ಲಿ ಸೋಮವಾರ ಮಾತ್ರ ಕಾಲಿಡಲು ಜಾಗವಿರುತ್ತಿರಲಿಲ್ಲ. ಅವತ್ತು ಅಬ್ಬಾ ಮಧ್ಯಾಹ್ನದ ಊಟಕ್ಕೆ ಬರುವುದು ತಡ, ಅಮ್ಮಿಯ ಗೊಣಗಾಟ, ಅಂಗಡಿಗೇ ಬುತ್ತಿ ಒಯ್ಯುವವಳು ನಾನು. ಆರು ಕಟ್ಟದ, ಎಂದರೆ ನೇಗಿಲು ಹೂಡದ ದಿನ ರೈತರು ನೇಗಿಲಿನ ರಿಪೇರಿಗೆ ಬರುತ್ತಾರೆ ಎಂಬಷ್ಟು ಸಣ್ಣ ವಿಷಯವನ್ನು ನಾನು ಇಷ್ಟು ವಯಸ್ಸಾಗುವವರೆಗೆ ಯಾರನ್ನೂ ಕೇಳಿರಲಿಲ್ಲ. ಸೋಮವಾರ ಅಂದರೆ ಗದ್ದಲ, ಅಷ್ಟೇ.

"ಮತ್ತೆ ಸೋಮವಾರದ ಖಾನೆಯಲ್ಲಿ ಅಂಕಿ ಇದೆಯಲ್ಲ ದೊಡ್ಡಪ್ಪ?"

"ಅದಾ? ನಾನು ಸುರೂನಲ್ಲಿ ಖಾಲಿ ಬುಟ್ಟಿದ್ದೆ. ಆಗಿನ್ ಸಾಹೇಬ್ರು, ಖಾಲಿ ಬುಡಂಗಿಲ್ಲ ಕಣಯ್ಯ, ಮ್ಯಾಲ್ನೋರು ರಿಜಿಸ್ಟ್ರು ವಾಪಸ್ ಕಳುಸ್ತಾರೆ, ಭಾನ್ವಾರದ್ದೂ ಮಂಗ್ಳಾರದ್ದೂ ಕೂಡ್ಸಿ ಅರ್ಧ ಮಾಡಿ ತುಂಬ್ಬುಡು ಅಂದ್ರು. ತುಂಬ್ದೆ. ಆಮೇಲ್ ಬಂದ್ ಸಾಹೇಬ್ರುಗೊಳ್ಗೂ ಯೋಳ್ದೆ. ಸರಿ ಸರಿ ಅಂದ್ರು."

"ಭಾನುವಾರ ಕೇಂದ್ರಕ್ಕೆ ರಜೆಯಲ್ಲವೇ?"

"ಆ ರಜಾ ಸರ್ಕಾರುದ್ದು. ನನ್ ರಜಾ ಸೋಮಾರ. ಅದ್ಕೇ ಒಂದ್ ಭಾನ್ವಾರನೂ ಬುಡ್ನಿಲ್ಲ ನಾನು. ಮಗಳ್ ಮದ್ವೆ ಭಾನ್ವಾರ ಇತ್ತು, ಒತ್ತಾರೆ ಎದ್ದು ಮಣ್ ತಗ್ದಿಟ್ಟು ಆಮೇಲ್ ಚಪ್ರುಕ್ ಬಂದೆ."

ಅವರ ಸೊಸೆ ಕಾಫಿ ತಂದಿಟ್ಟರು. ಹಗ್ಗವನ್ನು ಪಕ್ಕಕ್ಕಿಟ್ಟು ಅವರು ಇನ್ನೊಂದು ಮಾತು ಸೇರಿಸಿದರು. "ಅಳೀದೆ ಬರ್ದಿದ್ದು ಸುಳ್ಳೇ ಅಲ್ವಾ. ಅದ್ಕೇ ನನ್ ಒಲದ್ ಪುಸ್ತಕದಲ್ಲಿ ಅಂಗ್ ತುಂಬಿದ್ ಅಂಕಿಗೆಲ್ಲ ಸುತ್ತ ಗೆರೆ ಸುತ್ತಿವ್ನಿ. ಪ್ರತಿ ಪುಸ್ತಕದ್ ಮೊದುಲ್ನೆ ಪುಟದಲ್ಲೇ ಬರ್ದಿವ್ನಿ, ಸುತ್ತಿರದು ಅಳ್ದಿದ್ದಲ್ಲ ಅಂತ. ನಿಮ್ ಸ್ಟೋರ್ ರೂಮ್ನಲ್ಲೇ ಅವೆ, ತಗ್ದ್ ನೋಡು."

ಕಾಫಿ ಲೋಟ ಕೆಳಗಿಟ್ಟೆ. ಹೊಲದ ಪುಸ್ತಕ ಎಂದರೆ ಹೊಲದಲ್ಲೇ ನಿಂತು ಬರೆಯುವ ಸಣ್ಣ ನೋಟುಪುಸ್ತಕ. ಅದನ್ನು ನೋಡಿ ಗುಮಾಸ್ತರು ದೊಡ್ಡ ರಿಜಿಸ್ಟರಿಗೆ ನೀಟಾಗಿ ಇಳಿಸುತ್ತಿದ್ದರು. ಇಳಿಸುವಾಗ ಅಂಕಿ ಇಳಿಯಿತು, ಸುತ್ತಿನ ಗೆರೆ ಇಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಸ್ಟೋರ್ ರೂಮಿನ ಮಾಡು ಸೋರಿ, ಗೆದ್ದಲು ಹತ್ತಿ, ಏನು ಇಡುವುದು ಏನು ಬಿಸಾಡುವುದು ಎಂಬ ಮಾತು ಬಂದಾಗ ನನ್ನನ್ನು ಕೇಳಿದ್ದರು. ರಿಜಿಸ್ಟರು ಸ್ಕ್ಯಾನ್ ಆಗುತ್ತಲ್ಲ, ಹೊಲದ ಪುಸ್ತಕಗಳು ಬರೀ ಅದರದೇ ಇನ್ನೊಂದು ಪ್ರತಿ, ರದ್ದಿಗೆ ಹಾಕಿ ಎಂದವಳು ನಾನು. ಕಾಗದಕ್ಕೆ ಸಹಿ ಮಾಡಿದವಳೂ ನಾನು. ಮೂಟೆಗಳು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿ, ಸದ್ಯ ಒಂದು ಕೆಲಸ ಕಮ್ಮಿಯಾಯಿತು ಎಂದುಕೊಂಡಿದ್ದೆ.

ಅವತ್ತು ಅವರಿಗೆ ಇದನ್ನು ಹೇಳಲಿಲ್ಲ. "ನೋಡ್ತೀನಿ ದೊಡ್ಡಪ್ಪ" ಎಂದು ಎದ್ದುಬಿಟ್ಟೆ. ನಾನು ಹೊರಡುವಾಗ ಅವರು, "ಬಸ್‌ಸ್ಟ್ಯಾಂಡ್ ಇಂದ್ಗಡೆ ವೆಲ್ಡಿಂಗ್ ಸಾಬ್ರು ಮಗಳಂತಲ್ಲ ನೀನು? ನಮ್ ಕುಳನೆಲ್ಲ ಅವ್ರೇ ತಟ್ತಿದ್ದದ್ದು. ಒಳ್ಳೆ ಮನ್ಸ" ಎಂದರು. ಅಬ್ಬಾ ತೀರಿಕೊಂಡು ಬಹಳ ಕಾಲವಾಗಿತ್ತು. ಆ ಮಾತು ಕೇಳಿ ಸಂತೋಷಪಡುವ ಮುಖ ನನಗಿರಲಿಲ್ಲ.

ಎರಡು ವಾರ ಸುಮ್ಮನಿದ್ದೆ. ಹೇಡಿತನವನ್ನು ಕೆಲಸದ ಒತ್ತಡ ಎಂದು ಕರೆದುಕೊಂಡು ಓಡಾಡಿದೆ. ಬಸ್ಸಿನಲ್ಲಿ ನಿದ್ದೆಯೂ ಬರದಾಯಿತು. ಸುಮ್ಮನಿದ್ದರೆ ಆಗುವುದೇನು ಎಂದು ಯೋಚಿಸುತ್ತಿದ್ದೆ. ದಾಖಲೆ ಕೈಬಿಡುತ್ತಾರೆ, ಸಮಿತಿ ಬಂದು ಹೋಗುತ್ತದೆ, ಪುಸ್ತಕಗಳ ವಿಷಯ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಏನೂ ಆಗುವುದಿಲ್ಲ. ಎಲ್ಲವೂ ದೊಡ್ಡಪ್ಪನ ತಲೆಯ ಮೇಲೆ ಬೀಳುತ್ತದೆ, ಬಿದ್ದದ್ದು ಅವರಿಗೆ ತಿಳಿಯುವುದೂ ಇಲ್ಲ. ಅವರು ಮಾತ್ರ ಮಠದ ಜಗಲಿಯಲ್ಲಿ ಕೂತು, ಇನ್ನೇನು ಬರುತ್ತದೆ ನನ್ನ ಹೆಸರು ಎನ್ನುತ್ತಿರುತ್ತಾರೆ. ಈ ಕೊನೆಯ ಭಾಗವೇ ನನಗೆ ಸಹಿಸಲಾಗಲಿಲ್ಲ. "ಇವತ್ತೋ ನಾಳೆಯೋ ತೀರ್ಮಾನ ಹೇಳಿ" ಎಂದು ಮುಖ್ಯಸ್ಥರು ಎರಡನೇ ಸಲ ಕೇಳಿದ ದಿನ, ಮಧ್ಯಾಹ್ನ ಅರ್ಧ ದಿನ ರಜೆ ಬರೆದು ಮತ್ತೆ ದೊಡ್ಡಪ್ಪನ ಊರಿಗೆ ಹೋದೆ.

ಹೊಲದಿಂದ ಆಗತಾನೇ ಬಂದು ಕಾಲು ತೊಳೆಯುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಪುಸ್ತಕಗಳು ಇಲ್ಲ ಎಂದೆ. ಮಳೆಗೆ, ಗೆದ್ದಲಿಗೆ ಹೋಗಿಬಿಟ್ಟವು ಎನ್ನಬಹುದಿತ್ತು, ನಾಲಿಗೆ ತುದಿಗೂ ಬಂದಿತ್ತು. ಹಾಗೆನ್ನಲಿಲ್ಲ. ರದ್ದಿಗೆ ಹಾಕಿಸಿದ್ದು ನಾನೇ ಎಂದೆ.

ಅವರು ಚೊಂಬು ಕೆಳಗಿಟ್ಟರು. "ಎಲ್ಲಾನೂವಾ?"

"ಎಲ್ಲಾ."

"ಆಕಕ್ ಮುಂಚೆ ಒಂದಾದ್ರೂ ಬುಚ್ಚಿ ನೋಡುದ್ರಾ?"

"ಇಲ್ಲ ದೊಡ್ಡಪ್ಪ."

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈಯಲಿಲ್ಲ. ಮೊದಲನೇ ಪುಟದಲ್ಲೇ ಬರೆದಿತ್ತು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಳಗೆ ಹೋದವರು ಎಷ್ಟೋ ಹೊತ್ತು ಬರಲೇ ಇಲ್ಲ. ಸೊಸೆ ಒಮ್ಮೆ ಇಣುಕಿ ನೋಡಿ, ಕಾಫಿ ಕೇಳಬೇಕೋ ಬೇಡವೋ ತಿಳಿಯದೆ ಹೋದರು. ಆಮೇಲೆ ಅವರು ಒಂದು ಒಗೆದ ವಸ್ತ್ರ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು ನನ್ನ ಎದುರಿಗೆ ಕೂತರು.

"ನನ್ನೆಸ್ರು ತಗ್ದ್ಬುಡವ್ವ. ಪುಸ್ತಕ ಇಲ್ದೆ ನಾನ್ ಏನ್ ಯೋಳುದ್ರೂ ಈಗ್ ಕಟ್ಟಿದ್ ಮಾತು ಅಂತಾರೆ. ಊರೋರ್ಗೆ ಏನೋ ಒಂದ್ ಯೋಳ್ಕತೀನಿ."

"ತೇವದ ದಾಖಲೆ ನಿಮ್ಮದೇ ಅಲ್ಲವೇ?"

"ನಂದೇ. ಅದ್ಕೇ ಯೋಳ್ತಿರದು." ವಸ್ತ್ರವನ್ನು ಹೆಗಲಿಂದ ತೆಗೆದು ಮೊಣಕಾಲ ಮೇಲೆ ಮಡಿಸಿಟ್ಟರು. "ಇನ್ನೊಂದ್ ಮಾತು. ಭಾನ್ವಾರ ರಾತ್ರಿ ಮಳೆ ಉಯ್ದು ಮಂಗ್ಳಾರುಕ್ ಬಿಸ್ಲು ಬಂದ್ರೆ ಆ ಅರ್ಧದ್ ಲೆಕ್ಕ ಸರಿ ಬತ್ತಿರ್ನಿಲ್ಲ. ಸೋಮಾರ ಆ ಒಲದಲ್ಲಿ ಕಾಲಿಟ್ರೆ ಗೊತ್ತಾಗದು, ಇದು ಬರ್ದಿರದ್ಕಿಂತ ಜಾಸ್ತಿ ಅದೆ ಅಂತ. ಗೊತ್ತಿದ್ದೂ ಬರ್ದೆ. ಸಾಹೇಬ್ರು ವಾಪಸ್ ಕಳುಸ್ತಾರೆ ಅಂತ ಅಂಜ್ಕಂಡು ಬರ್ದೆ. ಸೋಮಾರ ಎಲ್ಲಾ ಒಡ್ದಾಕ್ಬುಡು. ಖಾಲಿ ಇರ್ಲಿ. ಮೊದ್ಲಿಂದ ಖಾಲಿನೇ ಇರ್ಬೇಕಿತ್ತು ಅವು."

ಮಾರನೆಯ ದಿನ ಕೂತು ಸೋಮವಾರಗಳನ್ನೆಲ್ಲ ಖಾಲಿ ಮಾಡಿದೆ. ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ತೆಗೆಯಬಹುದಿತ್ತು, ಕೊನೆಗೆ ತೆಗೆದದ್ದೂ ಹಾಗೇ. ಆದರೆ ಮೊದಲು ಬಹಳ ಹೊತ್ತು ಒಂದೊಂದನ್ನೇ ನೋಡಿದೆ. ನೋಡದೆ ಬಿಸಾಡುವುದು ಇನ್ನೊಂದು ಸಲ ನನ್ನಿಂದ ಆಗುತ್ತಿರಲಿಲ್ಲ.

ಖಾಲಿ ಮಾಡಿದ ಕಡತವನ್ನು ಒಪ್ಪಿಸಿದೆ. ತಪಾಸಣೆಯ ಸೇವೆ ಮತ್ತೆ ತಡೆಯಿತು. ಈ ಸಲ ಬೇರೆ ಸಾಲು: ಖಾಲಿ ಖಾನೆಗಳಿರಕೂಡದು, ತುಂಬಿ ಮತ್ತೆ ಒಪ್ಪಿಸಿ.

ಒಬ್ಬಳೇ ಕೂತು ಜೋರಾಗಿ ನಕ್ಕೆ. ಆ ನಿಯಮ ಬರೆದವಳೂ ನಾನೇ. ಖಾಲಿ ಇದ್ದರೆ ವಾಪಸ್ ಕಳಿಸುವ ಹಳೆಯ ಸಾಹೇಬರನ್ನೇ ನಾನು ಇಷ್ಟು ಕಷ್ಟಪಟ್ಟು ಮತ್ತೊಮ್ಮೆ ಕಟ್ಟಿ ಕೂರಿಸಿದ್ದೆ. ಇನ್ನು ಮುಂದೆ ಯಾವ ಊರಿನ ಯಾವ ಕ್ಷೇತ್ರ ಸಹಾಯಕರು ಬಂದರೂ ಇದು ಅವರಿಗೂ ಅದನ್ನೇ ಹೇಳುತ್ತಿತ್ತು, ತುಂಬ್ಬುಡು ಎಂದು. ನಗು ನಿಂತ ಮೇಲೆ ಮಾತ್ರ ತುಂಬಾ ಆಯಾಸವಾಯಿತು. ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದೆ.

ಆಮೇಲೆ ಆ ಒಂದು ಸೇವೆಯನ್ನು ಮಾತ್ರ ಬಿಚ್ಚಿ ತಿದ್ದಿದೆ. ಉಳಿದವು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ನನ್ನ ವಿನ್ಯಾಸದಿಂದ ಅಷ್ಟು ದಿನಗಳಲ್ಲಿ ಸಿಕ್ಕ ಉಪಕಾರ ಅದೊಂದೇ. ಹೊಸ ನಿಯಮ ಇಷ್ಟು: ಖಾನೆ ಖಾಲಿ ಇರಬಹುದು, ಯಾಕೆ ಖಾಲಿ ಎಂದು ಬರೆದಿರಬೇಕು, ಆ ಕಾರಣವೂ ಅಂಕಿಯ ಜೊತೆಗೇ ಉಳಿಯಬೇಕು. ಅಂಕಿ ಎಷ್ಟು ಕಾಲ ಇರುತ್ತದೋ ಅಷ್ಟೂ ಕಾಲ.

"ಅಳೆದ ವಿಧಾನ" ಎಂಬ ಖಾನೆಯಲ್ಲಿ ಎಂದಿನಂತೆ ಎಂಬುದನ್ನು ಅಳಿಸಿ ನಿಧಾನವಾಗಿ ಬರೆದೆ. ಬೈರಿಗೆಯ ಬಗ್ಗೆ, ಎಷ್ಟು ಆಳ ಎಂಬುದರ ಬಗ್ಗೆ, ಭಾನುವಾರಗಳ ಬಗ್ಗೆ. ಸೋಮವಾರ ಭೂಮಿಗೆ ಕಬ್ಬಿಣ ತಾಗಿಸದ ಪದ್ಧತಿ ಇರುವುದರಿಂದ ಅಳೆದಿಲ್ಲ ಎಂದು. ಖಾಲಿ ಬಿಡಬಾರದೆಂದು ಮೇಲಿನಿಂದ ಹೇಳಿದ್ದಕ್ಕೆ ಅಲ್ಲಿ ಅಂದಾಜು ತುಂಬಲಾಗಿತ್ತು, ಅಳೆದವರು ಅದನ್ನು ತಮ್ಮ ಪುಸ್ತಕಗಳಲ್ಲಿ ಗುರುತು ಮಾಡಿದ್ದಾಗಿ ಹೇಳುತ್ತಾರೆ, ಆ ಅಂದಾಜುಗಳನ್ನು ಈಗ ಅವರ ಮಾತಿನಂತೆಯೇ ತೆಗೆಯಲಾಗಿದೆ ಎಂದು. ಕೊನೆಗೆ ಇನ್ನೊಂದು ವಾಕ್ಯ ಸೇರಿಸಿದೆ: ಆ ಪುಸ್ತಕಗಳನ್ನು ತೆರೆದು ನೋಡದೆ ರದ್ದಿಗೆ ಹಾಕಲು ಹೇಳಿ ಸಹಿ ಮಾಡಿದವಳು ನಾನು. ಅದರ ಮುಂದೆ ನನ್ನ ಪೂರ್ತಿ ಹೆಸರು.

ಮುಖ್ಯಸ್ಥರು ಓದಿ ಕನ್ನಡಕ ತೆಗೆದರು. "ಕೊನೇ ವಾಕ್ಯ ಯಾಕೆ? ಪುಸ್ತಕಗಳು ಲಭ್ಯವಿಲ್ಲ ಅಂದ್ರೆ ಸಾಕಲ್ಲ."

"ಲಭ್ಯವಿಲ್ಲ ಅಂದರೆ ಅವರು ಬರೆದೇ ಇರಲಿಲ್ಲವೇನೋ ಅನ್ನಿಸುತ್ತದೆ ಸರ್."

"ಸಮಿತಿಯವರು ನಿಮ್ಮನ್ನ ಕೇಳ್ತಾರೆ. ನಾನು ಅಡ್ಡ ಬರೋಕಾಗಲ್ಲ."

"ಕೇಳಲಿ ಸರ್."

ಅವರು ನನ್ನನ್ನೇ ನೋಡಿದರು. ವಾದ ಮಾಡುವ ಶಕ್ತಿ ಅವರಲ್ಲೂ ಇರಲಿಲ್ಲ. "ನಿಮ್ಮಿಷ್ಟ" ಎಂದು ಒಪ್ಪಿಗೆಯ ಗುರುತು ಹಾಕಿದರು. ಅವರಿಗೂ ಒಳಗೊಳಗೇ ಸಮಾಧಾನವಾಗಿರಬೇಕು, ಆಗಿರದೆಯೂ ಇರಬಹುದು. ನಾನು ಕೇಳಲಿಲ್ಲ.

ಉಳಿದದ್ದು ಒಂದೇ ಖಾನೆ. ಅಳೆದವರು. ದೊಡ್ಡಪ್ಪ ತಮ್ಮ ಹೆಸರು ತೆಗೆಯಲು ಹೇಳಿದ ಮೇಲೆ ಅದನ್ನು ತುಂಬುವ ಹಕ್ಕು ನನಗಿರಲಿಲ್ಲ, "ಕ್ಷೇತ್ರ ಸಿಬ್ಬಂದಿ" ಎಂದು ಬರೆಯಲು ಕೈ ಬರಲಿಲ್ಲ. ಫೋನು ಮಾಡಿದೆ. ಬರೆದದ್ದನ್ನು ಓದಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ ಎಂದೆ. ಹೂಂ ಎಂದರು. ಮೊದಲಿನಿಂದ ಓದಿದೆ. ಬೈರಿಗೆಯ ಆಳದ ಹತ್ತಿರ ತಡೆದು ಒಂದು ಅಳತೆ ತಿದ್ದಿಸಿದರು. ಕೊನೆಯ ವಾಕ್ಯವನ್ನೂ, ನನ್ನ ಹೆಸರನ್ನೂ ಓದಿದೆ.

ಅತ್ತಕಡೆ ಎಮ್ಮೆಯೊಂದು ಕೂಗುವುದು ಕೇಳಿಸುತ್ತಿತ್ತು. ಫೋನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಎಂದೆ.

"ಇವ್ನಿ ಕಣವ್ವ" ಎಂದರು. "ಅದ್ನ ಯಾರ್ ಬೇಕಾದ್ರೂ ಓದ್ಬೋದಾ, ನಿನ್ ಎಸ್ರುನಾ?"

"ಯಾರು ಬೇಕಾದರೂ."

"ಅಳುಸ್ಬೋದಾ ಆಮೇಕೆ?"

"ಆಗಲ್ಲ ದೊಡ್ಡಪ್ಪ. ಯಾರಿಂದಲೂ ಆಗಲ್ಲ."



"ಅಂಗಾದ್ರೆ ನಂದೂ ಇರ್ಲಿ ಬುಡು" ಎಂದರು. "ಒಬ್ಳೇ ಯಾಕಿದ್ದೀಯೆ ಅಲ್ಲಿ."